ಎದುರಾಳಿಯ ಮಾತು ಬರೆದವಳು

ಎಮ್ಮಿಗನೂರು
3-9-1978

ಚಿರಂಜೀವಿ ಸುಂಕಮ್ಮನಿಗೆ ನಿನ್ನ ಅಪ್ಪ ಹುಸೇನಪ್ಪನ ಆಶೀರ್ವಾದ.

ಪರದೆ ಎದ್ದಿತು ಮಗಳೇ. ಹದಿನೆಂಟು ವರ್ಷದ ಮೇಲೆ ನಿನ್ನ ಅಪ್ಪನಿಗೆ ಮತ್ತೆ ರಂಗ ಸಿಕ್ಕಿದೆ. ಅಕ್ಷರ ಸೊಟ್ಟಗಿದ್ದರೆ ವಯಸ್ಸಾಯಿತು ಎಂದು ತಿಳಿಯಬೇಡ, ಅದು ಹುರುಪು.

ಸಂಗತಿ ಹೀಗಿದೆ. ಜನವರಿಯಲ್ಲಿ ನಮ್ಮ ಚರ್ಚಿನ ಸಭೆಯ ಸುಗ್ಗಿಯ ಆರಾಧನೆ ಬರುತ್ತದಲ್ಲ, ಜನ ಭತ್ತದ ಚೀಲ, ಕಬ್ಬಿನ ಕಟ್ಟು ತಂದು ದೇವರ ಮುಂದೆ ಇಡುವ ದಿನ, ಅವತ್ತು ಮಧ್ಯಾಹ್ನ ಮೂರು ಗಂಟೆಗೆ ನಾಟಕ. ಸಭೆಯ ಹಿರಿಯರಾದ ಉಚ್ಚೆಂಗಪ್ಪನವರು ಬಳ್ಳಾರಿಯಲ್ಲಿ ಯಾರೋ ವಿದೇಶಿ ಬೋಧಕರ ಕೂಟಕ್ಕೆ ಹೋಗಿ ಬಂದಿದ್ದಾರೆ. ಭೂಮಿಗೆ ಆರು ಸಾವಿರ ವರ್ಷ, ಎಲ್ಲ ಜೀವವೂ ಆರು ದಿನದಲ್ಲಿ ದೇವರ ಕೈಯಿಂದ ಆದದ್ದು, ವಿಕಾಸವಾದ ಶುದ್ಧ ಸುಳ್ಳು ಎಂದು ಅಲ್ಲಿ ಚಿತ್ರ ಹಾಕಿ ತೋರಿಸಿದರಂತೆ. ಬಂದವರೇ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದರು: “ಹುಸೇನಪ್ಪ, ನೀ ಉಪದೇಶಿ ಆಗೂಕಿಂತ ಮೊದಲು ಕಂಪನಿ ನಾಟಕದಾಗ ರಾಕ್ಷಸ ಆಗಿ ಭಾಳ ಕೂಗೀದಿ. ಈಗ ದೇವರ ಸೃಷ್ಟಿ ಮ್ಯಾಲ ಒಂದು ನಾಟಕ ಮಾಡಪ. ಕೊನಿಗೆ ಒಬ್ಬ ವಿಜ್ಞಾನಿ ಬರ್ಬೇಕು, ಮಂಗನ ಬಾಲ ಕಟ್ಕೊಂಡು. ಅವನ್ನ ಮಾತಿನಾಗ ಸೋಲಿಸಿ ಓಡಸ್ಬೇಕು.”

ಓಡಿಸೋಣ. ಆದರೆ ಎದುರಾಳಿ ಹುಲ್ಲಿನ ಬೊಂಬೆಯಾದರೆ ನಾಯಕ ಗೆದ್ದದ್ದಾದರೂ ಯಾರನ್ನು? ನಮ್ಮ ಕಂಪನಿಯ ಸವಾಲ್-ಜವಾಬಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಎರಡೂ ಕಡೆಯ ಮಾತನ್ನು ಒಬ್ಬನೇ ಬರೆಯುವಂತಿಲ್ಲ. ಬರೆದು ಮುಗಿದ ಮೇಲೆ ಎದುರಾಳಿಯ ಒಂದು ಅಕ್ಷರವನ್ನೂ ಮುಟ್ಟುವಂತಿಲ್ಲ. ಆದ್ದರಿಂದ ವಿಜ್ಞಾನಿಯ ಮಾತು ನೀನು ಬರೆ, ಭಕ್ತನ ಮಾತು ನಾನು ಬರೆಯುತ್ತೇನೆ. ಬಿ.ಎಸ್ಸಿ. ಓದಿದವಳು, ಸಂಡೂರಿನ ಗಣಿಯ ಲ್ಯಾಬಿನಲ್ಲಿ ಕಲ್ಲು ಅರೆದು ಅದರೊಳಗೆ ಕಬ್ಬಿಣ ಎಷ್ಟಿದೆ ಎಂದು ಹೇಳುವವಳು, ನಿನಗಿಂತ ಬಲವಾದ ಎದುರಾಳಿ ಈ ಸೀಮೆಯಲ್ಲಿ ನನಗೆಲ್ಲಿ ಸಿಗಬೇಕು? ಬಾಣ ಬಿಡು. ಎದೆ ಒಡ್ಡಿ ನಿಂತಿದ್ದೇನೆ.

ಎರಡು ವರ್ಷ ಆಯಿತು, ಒಮ್ಮೆ ಊರಿಗೆ ಬಂದು ಹೋಗು ಎಂದು ಬರೆಯಲು ನಿನ್ನ ಅವ್ವ ಹೇಳುತ್ತಿದ್ದಾಳೆ. ಬರೆದಿದ್ದೇನೆ.

ನಿನ್ನ ಹಿತ ಬಯಸುವ
ಹುಸೇನಪ್ಪ

*

ಸಂಡೂರು
17-9-1978

ಪ್ರಿಯ ಅಪ್ಪನವರಿಗೆ ಸುಂಕಮ್ಮನ ನಮಸ್ಕಾರಗಳು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪರದೆ ಇದೆ, ರಾಕ್ಷಸ ಇದ್ದಾನೆ, ಮಂಗನ ಬಾಲವೂ ಇದೆ. ಆ ಭಾನುವಾರದ ಬಗ್ಗೆ ಒಂದು ಸಾಲಿಲ್ಲ.

ನೀವು ಬರೆಯದಿದ್ದರೆ ನಾನೇ ಬರೆಯುತ್ತೇನೆ. ಎರಡು ವರ್ಷದ ಹಿಂದೆ ಭಾನುವಾರದ ಶಾಲೆಯ ಮಕ್ಕಳಿಗೆ ಪಾಠ ಹೇಳುವಾಗ, ಭೂಮಿಗೆ ನೂರಾರು ಕೋಟಿ ವರ್ಷ ಎಂದೆ. ಮುಂದಿನ ವಾರ ಉಚ್ಚೆಂಗಪ್ಪನವರು ನನ್ನನ್ನು ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ, ಹೇಳಿದ್ದು ತಪ್ಪಾಯಿತು ಎಂದು ಎಲ್ಲರ ಮುಂದೆ ಕ್ಷಮೆ ಕೇಳಿಸಿದರು. ನೀವು ಉಪದೇಶಿಯ ಕುರ್ಚಿಯಲ್ಲಿ ಕುಳಿತು ನಿಮ್ಮ ಅಂಗೈ ನೋಡಿಕೊಳ್ಳುತ್ತಿದ್ದಿರಿ. ಹಿಂದಿನ ಬೆಂಚಿಗೂ ಕೇಳುವ ಹಾಗೆ ಗುಡುಗುವ ನಿಮ್ಮ ಕಂಠದಿಂದ ಒಂದು ಮಾತು ಬರಲಿಲ್ಲ. ಮರುದಿನ ನಾನು ಬಸ್ಸು ಹತ್ತಿದೆ.

ಆದರೂ ಬರೆದುಕೊಡುತ್ತೇನೆ. ನಿಮ್ಮ ಕಂಪನಿಯ ಕಟ್ಟುನಿಟ್ಟೇ ನನ್ನ ಷರತ್ತು. ನನ್ನ ಮಾತು ಅದೇ ಸಭೆಯಲ್ಲಿ, ಅದೇ ಜನರ ಮುಂದೆ, ಒಂದು ಅಕ್ಷರ ಬಿಡದೆ ಕೇಳಿಸಬೇಕು. ಕತ್ತರಿಸಿದರೆ ಇನ್ನು ಮುಂದೆ ನನ್ನನ್ನು ಊರಿಗೆ ಕರೆಯಬೇಡಿ.

ಇಗೋ ಮೊದಲ ಸವಾಲು. ಸೂರ್ಯನನ್ನು ನಾಲ್ಕನೆಯ ದಿನ ಮಾಡಿದ್ದು ಎನ್ನುತ್ತೀರಿ. ಹಾಗಾದರೆ ಸೂರ್ಯ ಹುಟ್ಟದೆ ಮೊದಲ ಮೂರು ದಿನ ಬೆಳಗಾಯಿತು, ಸಂಜೆಯಾಯಿತು ಎಂದು ಲೆಕ್ಕ ಹಿಡಿದವರು ಯಾರು?

ಅವ್ವನಿಗೆ ನಮಸ್ಕಾರ ಹೇಳಿ.

ಸುಂಕಮ್ಮ

*

ಎಮ್ಮಿಗನೂರು
28-9-1978

ಚಿರಂಜೀವಿ ಸುಂಕಮ್ಮನಿಗೆ,

ಷರತ್ತು ಒಪ್ಪಿದೆ. ಅಕ್ಷರ ಮುಟ್ಟುವುದಿಲ್ಲ.

ಭಲೇ ಸವಾಲು. ಒಂದು ವಾರ ಊಟ ಸೇರಲಿಲ್ಲ. ಮಡಿಗೆ ನೀರು ತಿರುಗಿಸುತ್ತಿದ್ದಾಗ ಜವಾಬು ಹೊಳೆದು, ಸಲಿಕೆ ಅಲ್ಲೇ ಎಸೆದು ಮನೆಗೆ ಓಡಿಬಂದೆ. ಭಕ್ತ ಹೀಗೆ ಗರ್ಜಿಸುತ್ತಾನೆ: ‘ಎಲೈ ವಿಜ್ಞಾನಿಯೇ, ಸೂರ್ಯನನ್ನೇ ಮಾಡಬಲ್ಲವನು ಸೂರ್ಯನನ್ನು ಕೇಳಿ ದಿನ ಎಣಿಸುವನೇ? ಮನುಷ್ಯನ ದಿನಕ್ಕೆ ಹಗಲಿರುಳಿನ ಬೇಲಿ. ದೇವರ ದಿನಕ್ಕೆ ಬೇಲಿ ಹಾಕಲು ನೀನಾರು?’

ಬರೆದು ಮುಗಿಸಿ ಮೀಸೆ ತಿರುವಿದೆ. ಬಚ್ಚಲಿನಲ್ಲಿ ಬಟ್ಟೆ ಒಗೆಯುತ್ತಿದ್ದ ನಿನ್ನ ಅವ್ವ ತಲೆ ಎತ್ತದೆ ಕೇಳಿದಳು: “ದೇವರ ದಿನಕ್ಕ ಬೇಲಿ ಇಲ್ಲಂದ್ರ, ಅದು ನೂರು ಕೋಟಿ ವರ್ಷಾನೂ ಆಗಬಹುದಲ್ರಿ? ಹಂಗಾದ್ರ ನಮ್ಮ ಹುಡುಗಿ ಹೇಳಿದ್ದು ಏನು ತಪ್ಪು?” ನಾನು ಮೀಸೆ ಬಿಟ್ಟೆ.

ತಾಲೀಮು ಶುರುವಾಗಿದೆ. ಅಕ್ಕಿ ಗಿರಣಿಯ ಓಬಳೇಶ ವಿಜ್ಞಾನಿ. ಕಂಠ ಸಣ್ಣದು, ಆದರೆ ಬಾಲ ಕಟ್ಟಿಸಿಕೊಳ್ಳಲು ಒಪ್ಪಿದವನು ಅವನೊಬ್ಬನೇ. ಮೊದಲ ಗಂಡುಹೆಣ್ಣಿನ ತೋಟದ ಪರದೆ ಬರೆಯಲು ಹಂಪಿಯ ಜಂಬಪ್ಪನಿಗೆ ಹೇಳಿದ್ದೆ. ಬರೆದು ತಂದಿದ್ದಾನೆ. ತೋಟದ ಹಿಂದೆ ಹಂಪಿಯ ಬಂಡೆಗಳು, ಮುಂದೆ ಕಬ್ಬಿನ ಗದ್ದೆ, ನಡುವೆ ಕಾಲುವೆ, ಕಾಲುವೆಗೆ ಕಬ್ಬಿಣದ ತೂಬು. “ಸೃಷ್ಟಿಯ ಕಾಲಕ್ಕ ತೂಬು ಎಲ್ಲಿತ್ತೋ?” ಎಂದರೆ, “ತೂಬು ಇಲ್ದ ತೋಟ ಹೆಂಗ ಹಸಿರಾಗ್ತೈತ್ರಿ ಉಪದೇಶಿಗಳೇ?” ಎಂದು ನನ್ನನ್ನೇ ಕೇಳುತ್ತಾನೆ.

ಒಂದೇ ಸವಾಲಿಗೆ ನಾಟಕ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇನ್ನೂ ದೊಡ್ಡದನ್ನು ಕಳಿಸು. ಮಳೆಗಾಲ ಮುಗಿದರೂ ಅಲ್ಲಿ ಗುಡ್ಡದ ಗಾಳಿ ತಣ್ಣಗಿರುತ್ತದೆ, ಕಿವಿಗೆ ಕಟ್ಟಿಕೋ.

ಹುಸೇನಪ್ಪ

*

ಸಂಡೂರು
22-10-1978

ಪ್ರಿಯ ಅಪ್ಪನವರಿಗೆ,

ಕುಳಿತು ಓದಿ. ಅವ್ವನನ್ನೂ ಕರೆದು ಕೂರಿಸಿಕೊಳ್ಳಿ.

ಬೆಂಗಳೂರಿನಿಂದ ಒಬ್ಬರು ಭೂವಿಜ್ಞಾನಿ ಬಂದಿದ್ದರು. ಅವರ ಜೊತೆ ನಮ್ಮ ಲ್ಯಾಬಿನಿಂದ ನನ್ನನ್ನು ಕಳಿಸಿದರು. ಚೋರನೂರಿನ ದಿಕ್ಕಿಗೆ ಜೀಪಿನಲ್ಲಿ ಹೋಗಿ, ಸಜ್ಜೆ ಹೊಲಗಳನ್ನು ದಾಟಿ ಒಂದು ಒಣ ಹಳ್ಳಕ್ಕೆ ಇಳಿದೆವು. ಹಳ್ಳದ ದಂಡೆಯಲ್ಲಿ ಬೂದು ಬಣ್ಣದ ಕಲ್ಲು. ಆಮ್ಲದ ಒಂದು ಹನಿ ಹಾಕು ಎಂದರು. ಹಾಕಿದೆ, ಬುಸ್ಸೆಂದು ನೊರೆ ಬಂತು, ಸುಣ್ಣದ ಕಲ್ಲು. ನೀರು ಸುರಿದು ಕೈಯಿಂದ ಉಜ್ಜಿದೆ. ಅಪ್ಪ, ಕಲ್ಲಿನೊಳಗೆ ಪದರ ಪದರ. ಅವ್ವ ಬಿಸಿ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ಯಾರೋ ಕೆಳಗಿನಿಂದ ಮುಷ್ಟಿ ಕೊಟ್ಟು ಎತ್ತಿದ ಹಾಗೆ ನಡುವೆ ಉಬ್ಬಿವೆ. ಅಂಥವು ಒಂದಲ್ಲ, ದಂಡೆಯುದ್ದಕ್ಕೂ.

ಅದನ್ನು ಕಟ್ಟಿದ್ದು ಪಾಚಿಯಂತಿದ್ದ ಜೀವ. ಕಣ್ಣಿಗೆ ಕಾಣದಷ್ಟು ಸಣ್ಣದು. ಆಳವಿಲ್ಲದ ಸಮುದ್ರದಲ್ಲಿ ಚಾಪೆಯ ಹಾಗೆ ಹಾಸಿಕೊಂಡು, ಬಿಸಿಲು ತಿಂದು, ಮೈಮೇಲೆ ಕೂತ ಕೆಸರಿನ ಮೇಲೆ ಮತ್ತೆ ಹತ್ತಿ, ಮತ್ತೆ ಹಾಸಿಕೊಂಡು, ಪದರ ಪದರವಾಗಿ ಬೆಳೆದದ್ದು. ಚೋರನೂರಿನ ದಾರಿಯಲ್ಲಿ ಸಮುದ್ರ. ವಯಸ್ಸು ಇನ್ನೂರೈವತ್ತು ಕೋಟಿ ವರ್ಷಕ್ಕೂ ಮಿಕ್ಕಿ ಎಂದರು. ಶೀಶೆ ಹಿಡಿದದ್ದೇ ಮರೆತೆ, ಆಮ್ಲ ಚೆಲ್ಲಿ ಸೀರೆಗೆ ತೂತಾಯಿತು.

ಇನ್ನೂ ಕೇಳಿ. ಆ ಕಾಲಕ್ಕೆ ಸಮುದ್ರದ ನೀರಲ್ಲಿ ಕಬ್ಬಿಣ ಕರಗಿತ್ತು. ಪಾಚಿ ಉಸಿರು ಬಿಟ್ಟಿತು, ಆ ಉಸಿರು ಕಬ್ಬಿಣಕ್ಕೆ ತಾಗಿತು, ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಕೋಟಿ ಕೋಟಿ ವರ್ಷ ಕೂತೇ ಕೂತಿತು. ಇವತ್ತು ಲಾರಿಗಳು ಹೊಸಪೇಟೆ ಸ್ಟೇಷನ್ನಿಗೆ ಹೊತ್ತೊಯ್ಯುವ ಅದಿರು, ನನ್ನ ಕೂದಲಿಗೆ ಅಂಟಿರುವ ಈ ಕೆಂಪು ಧೂಳು, ಆ ಪಾಚಿಯ ಉಸಿರಿನ ಫಲ ಎನ್ನುತ್ತಾರೆ ಬಲ್ಲವರು. ನಿಮ್ಮ ಉಚ್ಚೆಂಗಪ್ಪನವರ ಭತ್ತದ ಗದ್ದೆಗೆ ಕೃಷಿ ಇಲಾಖೆಯವರು ಹಾಕಿಸುವ ನೀಲಿ-ಹಸಿರು ಪಾಚಿ ಇದೆಯಲ್ಲ, ಅದು ಇದೇ ಬಳಗ.

ವಿಜ್ಞಾನಿಯ ಮಾತನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಬಾಲ ಬೇಕಾಗುವುದಿಲ್ಲ. ಮಂಗ ಬರುವುದು ಬಹಳ ತಡ. ಕಥೆಯ ಅರ್ಧಕ್ಕಿಂತ ಹೆಚ್ಚು ಹೊತ್ತು ರಂಗದ ಮೇಲೆ ಇಂಥ ಸಣ್ಣ ಜೀವಗಳೇ.

ಸುಂಕಮ್ಮ

*

ಎಮ್ಮಿಗನೂರು
10-11-1978

ಚಿರಂಜೀವಿ ಸುಂಕಮ್ಮನಿಗೆ,

ನಿನ್ನ ಹಾಳೆ ಬಂದ ದಿನವೇ ಎದ್ದು ನಿಂತು, ಕಂಠ ಬಿಚ್ಚಿ, ಓಣಿಗೆಲ್ಲ ಕೇಳುವ ಹಾಗೆ ಓದಿದೆ. ಕೊನೆಯ ಮಾತು ಮುಗಿದಾಗ ಮೈಯೆಲ್ಲ ಬೆವರು. ಮೂವತ್ತು ವರ್ಷ ಬಣ್ಣ ಹಚ್ಚಿದರೂ ಇಷ್ಟು ದೊಡ್ಡ ಪಾತ್ರ ನನಗೆ ಯಾರೂ ಬರೆದುಕೊಟ್ಟಿರಲಿಲ್ಲ. ನಿನ್ನ ಅವ್ವ ಹೇಳಿದ್ದು ಇಷ್ಟೇ: “ಮಗಳು ಪಾಚಿ ಅಂತಾಳ, ನೀವು ಮಣ್ಣು ಅಂತೀರಿ. ಎರಡೂ ತಿಕ್ಕಿ ತೊಳಿಯಾಕಿ ನಾನು.”

ಉಚ್ಚೆಂಗಪ್ಪನವರ ಮನೆಗೆ ಹೋಗಿ ಅವರಿಗೂ ಓದಿದೆ. ಕೋಪ ಮಾಡಲಿಲ್ಲ. ಹೇಳಿದರು: “ಹುಸೇನಪ್ಪ, ನಲವತ್ತು ವರ್ಷದಾಂವ ಆಗಿದ್ದಾಗ ನಾ ಅಕ್ಷರ ಕಲ್ತಿದ್ದು ಬೈಬಲ್ ಪುಸ್ತಕದಾಗ. ಅದಕ್ಕಿಂತ ಮೊದಲು ನಮ್ಮನ್ನ ಊರ ಬಾವಿ ಹತ್ರ ಬಿಡ್ತಿದ್ದಿಲ್ಲ. ಮನುಷ್ಯ ದೇವರ ಕೈಯಾಗ, ದೇವರ ಹಂಗ ಆದಾಂವ ಅಂತ ಮೊದಲ ಪುಟದಾಗ ಓದಿದೆ ನೋಡು, ಅವತ್ತು ನನ್ನ ಬೆನ್ನು ನೆಟ್ಟಗಾತು. ಈಗ ಬಂದು ನೀ ಪಾಚಿ, ನೀ ಮಂಗ ಅಂದ್ರ ನಾ ಎಲ್ಲಿಗೆ ಹೋಗ್ಲಿ?”

ನನ್ನ ಬೆನ್ನೂ ಅದೇ ಪುಟದಿಂದ ನೆಟ್ಟಗಾದದ್ದು. ನಿನ್ನಲ್ಲಿ ಜವಾಬಿದ್ದರೆ ಬರೆ.

ನನ್ನ ಭಕ್ತನೂ ಬತ್ತಳಿಕೆಯ ಕಡೆಯ ಬಾಣ ತೆಗೆದಿದ್ದಾನೆ. ಇದನ್ನು ತಡೆದುಕೋ ನೋಡೋಣ: ‘ಎಲ್ಲವೂ ಪಾಚಿಯಿಂದ ಆಯಿತು ಎನ್ನುವ ವಿಜ್ಞಾನಿಯೇ, ಆ ಮೊಟ್ಟಮೊದಲ ಪಾಚಿಗೆ ಜೀವ ಎಲ್ಲಿಂದ ಬಂತು?’

ಹುಸೇನಪ್ಪ

*

ಸಂಡೂರು
3-12-1978

ಪ್ರಿಯ ಅಪ್ಪನವರಿಗೆ,

ಉಚ್ಚೆಂಗಪ್ಪನವರ ಮಾತು ಓದಿ ಎರಡು ದಿನ ಲ್ಯಾಬಿನಲ್ಲಿ ತೂಕ ತಪ್ಪಿತು. ಅವರ ಮೇಲಿನ ಸಿಟ್ಟು ಹೋಗಿಲ್ಲ, ಆದರೆ ಮೊದಲಿನಷ್ಟು ಸಲೀಸಾಗಿ ಸಿಟ್ಟು ಮಾಡಲು ಆಗುತ್ತಿಲ್ಲ. ವಿಜ್ಞಾನಿಯ ಬಾಯಲ್ಲಿ ಇದನ್ನು ಸೇರಿಸಿ: ‘ಅಜ್ಜಾ, ನಿನ್ನನ್ನು ಬಾವಿಯಿಂದ ದೂರ ಇಟ್ಟವನ ಮೂಲವೂ ಅದೇ ನೀರು, ಅದೇ ಪಾಚಿ. ಅವನಿಗೆ ಬೇರೆ ಹುಟ್ಟಿಲ್ಲ, ನಿನಗೆ ಬೇರೆ ಕೇರಿಯಿಲ್ಲ. ಕಲ್ಲು ಹೇಳುವುದೂ ಅದನ್ನೇ.’

ಇನ್ನು ನಿಮ್ಮ ಸವಾಲು. ಮೊದಲ ಜೀವ ಎಲ್ಲಿಂದ? ಆ ಭೂವಿಜ್ಞಾನಿಗಳಿಗೆ ಕಾಗದ ಬರೆದು ಕೇಳಿದೆ. ಉತ್ತರ ಬಂದಿದೆ. ಊಹೆಗಳು ಹಲವು ಇವೆಯಂತೆ, ಬಿಸಿನೀರು, ಮಿಂಚು, ಜೇಡಿಮಣ್ಣು. ನಿಶ್ಚಯವಾಗಿ ಯಾರಿಗೂ ತಿಳಿಯದಂತೆ. ಹಾಗಾಗಿ ವಿಜ್ಞಾನಿಯ ಜವಾಬು ಇದು, ಇಷ್ಟೇ: ‘ನನಗೆ ಗೊತ್ತಿಲ್ಲ. ಹುಡುಕುತ್ತಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತು ಎನ್ನಲಾರೆ.’

ಇದರಿಂದ ನನ್ನ ಪಾತ್ರ ಸೋತರೆ ಸೋಲಲಿ. ಆದರೆ ಇದನ್ನೂ ಕತ್ತರಿಸಬೇಡಿ.

ಸುಂಕಮ್ಮ

*

ಎಮ್ಮಿಗನೂರು
12-1-1979

ಸುಂಕಮ್ಮನಿಗೆ,

ಇಪ್ಪತ್ತೊಂದಕ್ಕೆ ನಾಟಕ. ನೀನು ಬರಬೇಡ.

ಉಚ್ಚೆಂಗಪ್ಪನವರು ಪ್ರತಿ ತರಿಸಿಕೊಂಡು, ವಿಜ್ಞಾನಿಯ ಮಾತುಗಳ ಮೇಲೆ ಕೆಂಪು ಪೆನ್ಸಿಲ್ ಎಳೆದು ಕಳಿಸಿದ್ದಾರೆ. ಉಳಿದಿರುವುದು ನಾಲ್ಕು ಸಾಲು ಮತ್ತು ಬಾಲ. ಹಾಗೆ ಆಡಿಸದಿದ್ದರೆ ಉಪದೇಶಿಯ ಕುರ್ಚಿ ಖಾಲಿ ಮಾಡಬೇಕಂತೆ. ಸುದ್ದಿ ಕೇಳಿ ಓಬಳೇಶ, “ಮಾವ, ನಂಗ ವಿಜ್ಞಾನಿ ಬ್ಯಾಡ, ಭಕ್ತ ಆದ್ರ ಆಗ್ತೀನಿ” ಎಂದು ಕೈ ಎತ್ತಿದ್ದಾನೆ.

ರಾಕ್ಷಸನಾಗಿ ಎಷ್ಟೋ ಸಲ ರಂಗದ ಮೇಲೆ ಸತ್ತಿದ್ದೇನೆ, ಹೆದರಿಕೆಯಾಗಿರಲಿಲ್ಲ. ಈಗ ಆಗುತ್ತಿದೆ.

ಅಪ್ಪ

*

ಸಂಡೂರು
23-1-1979

ಅಪ್ಪ,

ಬಂದಿದ್ದೆ.

ಕಂಪ್ಲಿಯಲ್ಲಿ ಬಸ್ಸು ಬದಲಿಸಿ, ಸೆರಗು ಹೊದ್ದು, ಹಿಂದೆ ಪೇರಿಸಿದ್ದ ಭತ್ತದ ಚೀಲಗಳ ಮಗ್ಗುಲಲ್ಲಿ ನಿಂತೆ. ಕತ್ತರಿಸಿದ ಮಾತು ಕೇಳಿ ತಿರುಗಿ ಹೋಗಿಬಿಡುವುದು ಎಂದುಕೊಂಡೇ ಬಂದಿದ್ದೆ. ಪಕ್ಕದಲ್ಲಿ ಚೆನ್ನಬಸಮ್ಮಜ್ಜಿ. ಕಣ್ಣು ಮಂಜಾಗಿದೆ ಅವರಿಗೆ. “ಯಾರ ಮನಿಯಾಕಿ ತಂಗೀ?” ಎಂದರು. “ಕಂಪ್ಲಿಯಾಕಿ” ಎಂದೆ.

ಆರು ದಿನದ ಸೃಷ್ಟಿ ಮಸ್ತಾಗಿತ್ತು. ಐದನೆಯ ದಿನ ಹಕ್ಕಿಗಳೆಂದು ನೀವು ಬಿಟ್ಟ ಕೋಳಿಗಳಲ್ಲಿ ಒಂದು ಉಚ್ಚೆಂಗಪ್ಪನವರ ತೊಡೆಯ ಮೇಲೆ ಹೋಗಿ ಕೂತಿತು, ಅವರು ಅದನ್ನು ಕೊನೆಯವರೆಗೂ ಇಳಿಸಲಿಲ್ಲ. ಗೋಣಿಚೀಲದ ಆನೆ ನಡುವೆ ಎರಡಾಯಿತು. ಅಜ್ಜಿ ನಕ್ಕು ನಕ್ಕು, “ದೇವರು ಇದನ್ನ ಅವಸರದಾಗ ಹೊಲಿದಾನ” ಎಂದರು.

ಆಮೇಲೆ ವಿಜ್ಞಾನಿ ಬಂದ. ಬಾಲ ಇರಲಿಲ್ಲ. ಕಾಂಪೌಂಡರನ ಬಿಳಿ ಕೋಟು ತೊಟ್ಟು ನೀವು ಬಂದಿರಿ.

ನನ್ನ ಮಾತು ಎಂದು ನನಗೇ ಗುರುತು ಸಿಗಲಿಲ್ಲ. ಚೋರನೂರಿನ ಹಳ್ಳ ಅಂದಿರಿ, ಅಲ್ಲಿ ನೀರು ತುಂಬಿತು. ಪಾಚಿ ಉಸಿರು ಬಿಟ್ಟಿತು ಎಂದು ನೀವು ಉಸಿರು ಬಿಟ್ಟಾಗ ಮುಂದಿನ ಸಾಲಿನವರೂ ಬಿಟ್ಟರು. ‘ನಿನಗೆ ಬೇರೆ ಕೇರಿಯಿಲ್ಲ’ ಎಂಬ ಮಾತಿಗೆ ನೀವು ಉಚ್ಚೆಂಗಪ್ಪನವರ ಕಡೆ ಕೈಮುಗಿದಿರಿ. ಅದನ್ನು ನಾನು ಬರೆದಿರಲಿಲ್ಲ. ಅವರು ಕೋಳಿಯ ಬೆನ್ನು ನೇವರಿಸುತ್ತ ತಲೆ ತಗ್ಗಿಸಿದರು.

ಓಬಳೇಶಣ್ಣ ಭಕ್ತನಾಗಿ ಬಂದು, ಮೊದಲ ಜೀವ ಎಲ್ಲಿಂದ ಬಂತು ಎಂದು ಕೇಳಿದ. ನೀವು ಸುಮ್ಮನಾದಿರಿ. ಮಾತು ಮರೆತಿರೆಂದು ನಾನು ಸೆರಗು ಕಚ್ಚಿ ಹಿಡಿದೆ. ಆಮೇಲೆ ನೀವು ಕೂಗಲಿಲ್ಲ, ಗರ್ಜಿಸಲಿಲ್ಲ, ಮನೆಯಲ್ಲಿ ಆಡುವ ದನಿಯಲ್ಲಿ ಹೇಳಿದಿರಿ: ‘ನನಗೆ ಗೊತ್ತಿಲ್ಲ. ಹುಡುಕುತ್ತಿದ್ದೇನೆ.’

ಹಿಂದಿನಿಂದ ಯಾರೋ ಕೂಗಿದರು, ಒನ್ಸ್ ಮೋರ್.

ಅಲ್ಲೇ ನೀವು ತಪ್ಪಿದ್ದು. ಒನ್ಸ್ ಮೋರ್ ಕೇಳಿದರೆ ಕಂಪನಿಯ ನಟ ಪರದೆಯ ಹಿಂದೆ ಹೋಗಿ ಮತ್ತೆ ಬಂದು ಅದೇ ಮಾತು ಒಪ್ಪಿಸಬೇಕಲ್ಲ. ಇದು ಪ್ರಾರ್ಥನೆಯ ಮನೆ, ನೀವು ಉಪದೇಶಿ ಎನ್ನುವುದೆಲ್ಲ ಮರೆತು ಕಾಲು ತಾನಾಗಿ ಹಿಂದೆ ಹೋಯಿತು. ಮತ್ತೆ ಬಂದಿರಿ. ಮತ್ತೆ ಒನ್ಸ್ ಮೋರ್. ಮೂರನೆಯ ಸಲಕ್ಕೆ ಓಬಳೇಶಣ್ಣ ತನ್ನ ಗೆಲುವಿನ ಮಾತು ಮರೆತು, ತೂಬಿನ ಪರದೆಯ ಮುಂದೆ ಕುಳಿತೇಬಿಟ್ಟ. ಅಜ್ಜಿ ನನ್ನ ಕೈ ಹಿಡಿದು, “ಗೊತ್ತಿಲ್ಲ ಅನ್ನೋ ಗಂಡಸನ್ನ ಇವತ್ತೇ ನೋಡಿದ್ದು ತಂಗೀ, ಇನ್ನೊಮ್ಮಿ ಹೇಳ್ಲಿ ಬಿಡು” ಎಂದರು.

ಉಚ್ಚೆಂಗಪ್ಪನವರು ಎದ್ದರು. “ಹುಸೇನಪ್ಪ, ಈ ಮಾತು ಬರ್ದಾವ್ರು ಯಾರು?”

“ನನ್ನ ಮಗಳು ಸುಂಕಮ್ಮ. ಒಂದಕ್ಷರ ನಾ ಮುಟ್ಟಿಲ್ರಿ.”

“ಸುಳ್ಳು ಅಂತ ಸಭಿಗೆ ಹೇಳು.”

“ನಾ ದೇವರನ್ನ ನಂಬಿದಾಂವರಿ. ಆದ್ರ ಸುಳ್ಳು ಅನ್ನಾಕ ಆ ಕಲ್ಲು ನಾ ನೋಡಿಲ್ಲ. ಆಕಿ ನೋಡ್ಯಾಳ.”

ಅಷ್ಟು ಕೇಳಿ ಹೊರಗೆ ಓಡಿದೆ. ಬಸ್ಸು ತಪ್ಪುತ್ತದೆ ಎಂದು ಅಲ್ಲ, ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು.

ನಿಮ್ಮ ಮಾತು ಉಳಿಸಿಕೊಂಡಿರಿ. ನನ್ನ ಮಾತು ಅದೇ ಸಭೆಯಲ್ಲಿ ಕೇಳಿಸಿತು. ಆದರೂ ಒಂದು ಬರೆಯುತ್ತೇನೆ, ಸಿಟ್ಟಾಗಬೇಡಿ. ಆ ಭಾನುವಾರದ ಬಗ್ಗೆ ನೀವು ಇನ್ನೂ ಏನೂ ಹೇಳಿಲ್ಲ. ಅದನ್ನು ಕೋಟು ತೊಟ್ಟುಕೊಂಡು ಹೇಳಲಿಕ್ಕೆ ಆಗುವುದಿಲ್ಲ ಅಪ್ಪ.

ಸುಂಕಮ್ಮ

*

ಎಮ್ಮಿಗನೂರು
5-2-1979

ಸುಂಕಮ್ಮ,

ಮೂರು ತಿಂಗಳು ನಾನು ಉಪದೇಶ ಮಾಡುವಂತಿಲ್ಲ ಎಂದು ತೀರ್ಮಾನವಾಗಿದೆ. ಅದಲ್ಲದೆ ತಪ್ಪೊಪ್ಪಿಗೆ ಬರೆದು, ಮೂರು ಭಾನುವಾರ ಸಭೆಯ ಮುಂದೆ ನಿಂತು ಓದಬೇಕು ಎಂದರು. ಯಾವ ತಪ್ಪು ಎಂದು ಅವರು ಬರೆದುಕೊಡಲಿಲ್ಲ, ನಾನೂ ಕೇಳಲಿಲ್ಲ. ನಿನ್ನೆ ಮೊದಲನೆಯ ಸಲ ಓದಿದೆ. ರುಮಾಲು ತೆಗೆದು ನಿನ್ನ ಅವ್ವನ ಕೈಗೆ ಕೊಟ್ಟು, ಬರಿದಲೆಯಲ್ಲಿ. ಕಂಠ ಕೈಕೊಟ್ಟಿತು, ಹಿಂದಿನ ಬೆಂಚಿನವರು ಮುಂದೆ ಬಂದು ಕೂತರು. ಪ್ರತಿ ಮಾಡಿದ್ದೇನೆ:

‘ಎರಡು ವರ್ಷದ ಹಿಂದೆ ಈ ಸಭೆಯಲ್ಲಿ ನನ್ನ ಮಗಳನ್ನು ನಿಲ್ಲಿಸಿದಾಗ ನಾನು ಕುಳಿತೇ ಇದ್ದೆ. ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ಅವತ್ತು ತಿಳಿದಿರಲಿಲ್ಲ. ತಿಳಿದಿಲ್ಲ ಎಂದಾದರೂ ಎದ್ದು ಹೇಳಬೇಕಿತ್ತು. ಕುರ್ಚಿಯ ಆಸೆಗೆ ಏಳಲಿಲ್ಲ. ಅದು ನನ್ನ ತಪ್ಪು. ಅವಳ ಕ್ಷಮೆ ಕೇಳುತ್ತೇನೆ. ಹುಸೇನಪ್ಪ.’

ಓದಿ ಮುಗಿಸಿದರೂ ಯಾರೂ ಏಳಲಿಲ್ಲ. ಹೊರಗೆ ಬಂದಾಗ ಉಚ್ಚೆಂಗಪ್ಪನವರು ಬೇವಿನ ಕೆಳಗೆ ಕಾದಿದ್ದರು. “ಇದನ್ನಲ್ಲ ನಾವು ಕೇಳಿದ್ದು” ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು, “ಆ ಕಲ್ಲು ಎಲ್ಲೈತಂತ? ನಾನೂ ಒಮ್ಮಿ ನೋಡ್ಬೇಕು, ಸುಳ್ಳು ಅಂತ ಹೇಳಾಕ” ಎಂದರು. ಅವರಿಗೆ ಮೊಣಕಾಲು ನೋವಿದೆ, ಹಳ್ಳಕ್ಕೆ ಇಳಿಯುವ ದಾರಿ ಹೇಗಿದೆ, ತಿಳಿಸು.

ಬರುವ ಭಾನುವಾರ ಎರಡನೆಯ ಸಲ ಓದುವುದಿದೆ. ಹತ್ತು ಗಂಟೆಗೆ ಆರಾಧನೆ. ಮುಂದಿನ ಸಾಲಿನಲ್ಲಿ ತನ್ನ ಮಗ್ಗುಲಿಗೆ ಜಾಗ ಹಿಡಿದಿರುತ್ತೇನೆ ಎಂದು ನಿನ್ನ ಅವ್ವ ಬರೆಸುತ್ತಿದ್ದಾಳೆ.

ನಿನ್ನ ಅಪ್ಪ
ಹುಸೇನಪ್ಪ